ಜಗಲಿಯ ಒದ್ದೆ ನೂಲು

ಗುಡ್ಡದ ಮೇಲೆ ಕೆಲಸ ಮುಗಿಸಿ ಬಂದವರು ನೇರವಾಗಿ ಮನೆಯೊಳಗೆ ಹೋಗುವಂತಿರಲಿಲ್ಲ. ಮೇಲಿನ ಗಾಳಿ ಮೈಗೆ ಮೆತ್ತಿದ ವಿದ್ಯುತ್ತು ಮನೆಯ ಮಟ್ಟಕ್ಕೆ ಇಳಿಯುವವರೆಗೆ ಜಗಲಿಯ ಗಾಜಿನ ಮಣೆಯ ಮೇಲೆ ಕೂತು, ಬಾಗಿಲಿಗೆ ಕಟ್ಟಿದ ಒದ್ದೆ ನೂಲನ್ನು ಹಿಡಿದಿರಬೇಕು. ವಾರಿಜಾ ಹಾಗೆಯೇ ಕೂತಿದ್ದಳು. ಗೋಡೆಯ ಮೀಟರಿನ ಮುಳ್ಳು ಇನ್ನೂ ಕೆಂಪಿನಲ್ಲಿತ್ತು.

"ಇಡೀ ಗುಡ್ಡವನ್ನೇ ಹೊತ್ಕೊಂಡು ಬಂದಿದ್ದೀಯಾ ಮಾರಾಯ್ತಿ?" ಎಂದು ಗಂಡ ದಿವಾಕರ ಒಳಗಿನಿಂದ ಕೂಗಿದ.

"ತಮಾಷೆ ಸಾಕು. ನೂಲು ಒಣಗ್ತಾ ಉಂಟು, ಸ್ವಲ್ಪ ನೀರು ತನ್ನಿ."

ಅವನು ಚೊಂಬು ಹಿಡಿದು ಬಾಗಿಲು ತೆರೆದದ್ದೇ ತಡ, ಮೂರು ವರ್ಷದ ಶ್ರಾವ್ಯ ಅವನ ಕಾಲಿನ ಸಂದಿಯಿಂದ ನುಸುಳಿ, "ಅಮ್ಮಾ" ಎನ್ನುತ್ತ ಎರಡೂ ಕೈ ಚಾಚಿ ಓಡಿಬಂದಳು. ಪಕ್ಕದ ಮನೆಯ ಅಜ್ಜ ಸತ್ತದ್ದು ಇಂಥದೇ ಒಂದು ಅಪ್ಪುಗೆಯಲ್ಲಿ. ಹಿಂದೆ ಸರಿಯಲು ಜಾಗವಿರಲಿಲ್ಲ. ಮಗುವಿನ ಬೆರಳುಗಳು ಹತ್ತಿರವಾದಂತೆ ವಾರಿಜಾಳ ತೋಳಿನ ರೋಮಗಳೆಲ್ಲ ನಿಮಿರಿ ಅತ್ತ ಬಾಗಿದವು.

"ಹೋಗು ಆಚೆ! ಮುಟ್ಟಿದರೆ ಕೊಂದುಹಾಕ್ತೇನೆ!" ಎಂದು ಅವಳು ಕಣ್ಣು ಕೆಕ್ಕರಿಸಿ ಕಿರುಚಿದಳು.

ಮಗು ಗಕ್ಕನೆ ನಿಂತಿತು. ದಿವಾಕರ ಚೊಂಬು ಬಿಸಾಡಿ ಮಗಳನ್ನು ಬಾಚಿ ಎತ್ತಿಕೊಂಡ.

ಮತ್ತೆ ನೀರು ತಂದು ನೂಲು ನೆನೆಸಿದ ಮೇಲೆ ಮುಳ್ಳು ನಿಧಾನವಾಗಿ ಸೊನ್ನೆಗೆ ಬಂತು. ವಾರಿಜಾ ಮಣೆಯಿಂದ ಇಳಿದಳು. "ಬಾ ಮಗಾ, ಈಗ ಏನೂ ಆಗುದಿಲ್ಲ."

ಶ್ರಾವ್ಯ ಅಪ್ಪನ ಕೊರಳನ್ನು ಇನ್ನಷ್ಟು ಬಿಗಿಯಾಗಿ ಅಪ್ಪಿಕೊಂಡಳು. ಅವಳ ಪುಟ್ಟ ಬೆನ್ನು ನಡುಗುತ್ತಿತ್ತು. ಅದನ್ನು ಸವರಲು ಚಾಚಿದ ಕೈಯನ್ನು ವಾರಿಜಾ ಅರ್ಧದಲ್ಲೇ ತಡೆದು, ಮೀಟರನ್ನು ಮತ್ತೊಮ್ಮೆ ನೋಡಿದಳು.