ಒಡೆದ ಹಸಿರು ಬಳೆ

ದಿನವೂ ಸೊಪ್ಪಿನ ರಸ ಕುಡಿಯದಿದ್ದರೆ ರಕ್ತ ಹೆಪ್ಪುಗಟ್ಟಿ ತಿಂಗಳೊಳಗೆ ಸಾಯುವ ಕಾಲವದು. ಸರ್ಕಾರ ತಲೆಗೊಂದೇ ಲೋಟ ಕೊಡುತ್ತಿತ್ತು. ರಸ ಕುಡಿದವರ ಸಣ್ಣ ಗೀರೂ ಕಾಲು ಗಂಟೆ ಸೋರುವುದರಿಂದ ಬಳೆಗಾರ್ತಿ ಖತೀಜಾಬಿ ಬುಟ್ಟಿಯಲ್ಲಿ ಹತ್ತಿ ಇಟ್ಟುಕೊಂಡೇ ತಿರುಗುತ್ತಿದ್ದಳು.

ಕುಬಸದ ದಿನ ಏಳು ತಿಂಗಳ ಬಸುರಿ ನೀಲವ್ವನಿಗೆ ಹಸಿರು ಬಳೆ ತೊಡಿಸುವಾಗ ಒಂದು ಒಡೆದು ಮುಂಗೈ ಗೀರಿತು. ಹತ್ತಿ ಒತ್ತುವ ಮೊದಲೇ ರಕ್ತ ನಿಂತಿತು.

"ರಸ ಬಿಟ್ಟು ಎಷ್ಟ ದಿನ ಆತವಾ?" ಖತೀಜಾಬಿ ಪಿಸುಗುಟ್ಟಿದಳು.

"ಹದಿನೈದು. ದುಡಿಯೋ ಮಗಗ ಎರಡು ಲೋಟ ಬೇಕಂತ ಅತ್ತಿ ನನ್ನ ಪಾಲಿಂದೂ..."

ಖತೀಜಾಬಿ ಎಲ್ಲರಿಗೂ ಕೇಳುವಂತೆ ಹೇಳಿದಳು: "ಈಕಿ ರಕ್ತ ಆಗಲೇ ನಿಂತೈತ್ರೀ!"

ಹೆಂಗಸರು ನೀಲವ್ವನ ಮುಂಗೈಯತ್ತ ಬಾಗಿ ನೋಡಿದರು.

"ನಿಂತ್ರ ಚಲೋನ ಆತಲ್ಲ, ಬಳಿ ತೊಡಸು," ಅಂದಳು ಅತ್ತೆ.

ನಿಂತ ರಕ್ತದ ಅರ್ಥ ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಒಬ್ಬಳು ಸೋಬಾನೆ ಪದ ಸುರುಮಾಡಿದಳು, ಉಳಿದವರು ದನಿಗೂಡಿಸಿದರು.