ಪೇರಲ ತಿಂದ ಗಿಳಿ

ವಿರೂಪಾಕ್ಷಪ್ಪನವರ ಸೀರೆ ಕಂಪನಿಗೆ ಬಂದ ರಾಚವ್ವನು ಲೋಕರೂಢಿಯಂತೆ ಮೊದಲು ಬಾಗಿಲ ಗಿಳಿಗೆ ಕೈಮುಗಿದಳು. ವರ್ಷದೊಳಗೆ ತೀರಿಸಬೇಕಾದ ಸಾಲದ ಪ್ರತಿ ನೂರು ರೂಪಾಯಿಗೆ ಕಂಪನಿಯ ಕೈಯಲ್ಲಿ ನಗದೆಷ್ಟಿದೆಯೆಂದು ನುಡಿಯುವುದೇ ಆ ಪಕ್ಷಿಯ ಸ್ವಧರ್ಮ. ವರ್ಷವಿಡೀ ಕೂಡಿಸಿ ಗಂಟು ಕಟ್ಟಿ ತಂದ ರೇಷ್ಮೆನೂಲನ್ನು ಇವರಿಗೆ ಉದ್ರಿ ಕೊಡಬಹುದೇ ಎಂಬುದು ಅವಳ ಚಿಂತೆ.

"ನೂರಕ್ಕೆ ಮೂವತ್ತು" ಎಂದಿತು ಗಿಳಿ.

"ಗೋದಾಮಿನ ತುಂಬ ಸೀರಿ ಅದಾವ, ಅವನ್ನೂ ಎಣಸಲೇ!" ಎಂದು ಸಾಹುಕಾರ ವಿರೂಪಾಕ್ಷಪ್ಪನವರು ಗಿಳಿಯ ಮೇಲೆ ರೇಗಿದರು.

"ಮಾರದ ಸೀರಿ ಉಡಾಕ ಬರ್ತಾವ್ರೀ, ಸಾಲ ತೀರ್ಸಾಕಲ್ಲ" ಎಂದು ರಾಚವ್ವ ನಕ್ಕಳು.

ಸಾಹುಕಾರರು ಮೆಲ್ಲನೆ ಪೇರಲದ ಬುಟ್ಟಿಯನ್ನೇ ಗಿಳಿಯ ಮುಂದೊಡ್ಡಿದರು. "ತಿಂದು ಇನ್ನೊಮ್ಮೆ ಹೇಳಪಾ."

ಗಿಳಿಯು ತೃಪ್ತಿಯಾಗಿ ತಿಂದು, ಕೊಕ್ಕೊರೆಸಿಕೊಂಡು ನುಡಿಯಿತು: "ಪೇರಲವೂ ಉದ್ರಿ ತಂದದ್ದು. ಆ ಸಾಲವೂ ಸೇರಿ ನೂರಕ್ಕೆ ಇಪ್ಪತ್ತೊಂಬತ್ತು."

ರಾಚವ್ವ ನೂಲಿನ ಗಂಟನ್ನು ಮತ್ತೆ ತಲೆಗೇರಿಸಿದಳು. "ಕೈಯಾಗ ರೊಕ್ಕ ಬಂದಾಗ ಹೇಳಿ ಕಳಸ್ರಿ, ಸಾವಕಾರ್ರ. ಅಲ್ಲೀತನಕ ಗಿಣಿಗೆ ಹಣ್ಣು ತಿನಸಬ್ಯಾಡ್ರಿ!"