ಹಿಂದೆ ಇನ್ನೊಬ್ಬರು

ಮೊದಲ ಬಂಡಿಯವನು ಮೂರು ಬೆರಳು ತೋರಿಸಿದ. ಎರಡನೆಯವನು ಎರಡು, ಮೂರನೆಯವನು ಒಂದು. ಹಲ್ಡಾ ದಾರಿಯಂಚಿನ ಹಿಮದಲ್ಲಿ ಸ್ಕೀ ಊರಿ ನಿಂತು ನಾಲ್ಕನೆಯವನಿಗಾಗಿ ಕಾದಳು. ಹಿಮದ ಮೇಲೆ ಓಡುವ ಆ ಸ್ನೋಮೊಬೈಲು ಬಂಡಿಗಳ ಅಬ್ಬರ ಕೆಳಗಿನ ತಿರುವಿನಲ್ಲಿ ಕರಗಿತು, ಪೆಟ್ರೋಲಿನ ವಾಸನೆಯೂ ಹೋಯಿತು. ನಾಲ್ಕನೆಯವನು ಬರಲಿಲ್ಲ.

ಅಮೆರಿಕದ ಐಡಾಹೋದ ಆ ಕಣಿವೆಯಲ್ಲಿ ಸ್ಕೀಯವರಿಗೂ ಬಂಡಿಯವರಿಗೂ ಇರುವುದು ಒಂದೇ ದಾರಿ. ತಮ್ಮ ಹಿಂದೆ ಇನ್ನೆಷ್ಟು ಜನ ಇದ್ದಾರೆಂದು ಬಂಡಿಯವರು ಎದುರು ಸಿಕ್ಕವರಿಗೆ ಬೆರಳೆತ್ತಿ ತೋರಿಸಬೇಕು. ಕಟ್ಟಕಡೆಯವನು ಮುಷ್ಟಿ ಎತ್ತಬೇಕು. ಮುಷ್ಟಿ ಕಂಡ ಮೇಲೆಯೇ ಸ್ಕೀಯವರು ದಾರಿಗೆ ಇಳಿಯುವುದು.

"ಫೋಟೋ ತೆಗೆದಾಯ್ತಲ್ಲ, ನಡಿ," ಎಂದ ಜೊತೆಗಿದ್ದ ಲೋವೆಲ್. "ನಾಲ್ಕಕ್ಕೆ ಅರಣ್ಯ ಕಚೇರಿ ಬಾಗಿಲು ಹಾಕ್ತಾರೆ." ಬಂಡಿಗಳು ಉತ್ತು ಹಾಕಿದ ಸ್ಕೀ ಜಾಡಿನ ಚಿತ್ರಕ್ಕೆಂದೇ ಇಬ್ಬರೂ ಇಷ್ಟು ದೂರ ಹತ್ತಿ ಬಂದಿದ್ದರು. ಸೇತುವೆಯಿಂದ ಮೇಲಕ್ಕೆ ಬಂಡಿಗಳನ್ನು ಬಿಡಕೂಡದು ಎಂಬ ಮನವಿ ಹಲ್ಡಾಳ ಒಳಜೇಬಿನಲ್ಲಿತ್ತು. ನೂರಾ ಹನ್ನೆರಡು ಸಹಿ, ಮೊದಲನೆಯದು ಅವಳದೇ. ಸಲ್ಲಿಸಲು ಇವತ್ತೇ ಕೊನೆಯ ದಿನ.

"ಮುಷ್ಟಿ ಕಾಣಲಿಲ್ಲ, ಲೋವೆಲ್."

"ಎಲ್ಲೋ ಮರದ ಹಿಂದೆ ಒಂದಕ್ಕೆ ನಿಂತಿರ್ತಾನೆ ಬಿಡು. ಅವರ ಲೆಕ್ಕ ನಮಗ್ಯಾಕೆ?"

ಹಲ್ಡಾ ಗಡಿಯಾರ ನೋಡಿದಳು. ಐದು ನಿಮಿಷ. ಕಿವಿಯ ಮೇಲಿನ ಟೋಪಿ ಸರಿಸಿ ಆಲಿಸಿದಳು. ಮೇಲಿನಿಂದ ಯಾವ ಸದ್ದೂ ಇಲ್ಲ. ಹದಿನೈದು ವರ್ಷ ಯಾವ ಸದ್ದನ್ನು ಶಪಿಸಿದ್ದಳೋ ಅದೀಗ ಕೇಳಿಸಲಿ ಎಂದು ಅವಳ ಜೀವ ಚಡಪಡಿಸಿತು. ಎಂಟು ನಿಮಿಷ. "ನೀನು ಕೆಳಗೆ ಹೋಗಿ ಅವರನ್ನ ತಿರುಗಿಸಿ ಕಳಿಸು. ನಾನು ಮೇಲೆ ನೋಡ್ತೀನಿ."

"ಕಚೇರಿ?"

"ಫೋನಂತೂ ಇಲ್ಲಿ ಹತ್ತಲ್ಲ. ಹೋಗೋ ಮಾರಾಯ!"

ಲೋವೆಲ್ ಗೊಣಗಿದ. ಗೊಣಗುತ್ತಲೇ ತನ್ನ ಫ್ಲಾಸ್ಕನ್ನು ತೆಗೆದು ಅವಳ ಚೀಲಕ್ಕೆ ತುರುಕಿ, "ಸಕ್ಕರೆ ಜಾಸ್ತಿ ಹಾಕಿದೀನಿ," ಎಂದು ಹೇಳಿ ಕೆಳಕ್ಕೆ ಜಾರಿದ.

ಮೂರನೆಯ ತಿರುವಿನಲ್ಲಿ ಬಂಡಿಯ ಜಾಡೊಂದು ದಾರಿ ಬಿಟ್ಟು ಫರ್ ಮರಗಳ ಕಡೆಗೆ ಹೊರಳಿತ್ತು. ಮರದ ಬುಡದ ಕುಳಿಯಲ್ಲಿ ಬಂಡಿ ಮಗುಚಿ ಬಿದ್ದಿತ್ತು. ಅದರಡಿಯಲ್ಲಿ ಎದೆಯವರೆಗೆ ಹಿಮದಲ್ಲಿ ಹೂತ ಒಬ್ಬ, ತಲೆಗೆ ಕೆಂಪು ಹೆಲ್ಮೆಟ್ಟು. ಹಲ್ಡಾ ಅದರ ಮುಂಗಾಜನ್ನು ಎತ್ತಿದಳು. ಡೆಲ್ಬರ್ಟ್. ಮೂವತ್ತು ವರ್ಷದ ಹಿಂದೆ ಅವಳು ಕಲಿಸುತ್ತಿದ್ದ ಮೂರನೇ ತರಗತಿಯಲ್ಲಿ ಓದಿದವನು. ಕಳೆದ ತಿಂಗಳ ಸಭೆಯಲ್ಲಿ ಊರಿನೆದುರು ಎದ್ದು ನಿಂತು, "ಹಿಮ ಏನು ನಿಮ್ಮಪ್ಪನ ಆಸ್ತಿನಾ?" ಎಂದು ಅವಳನ್ನು ಕೇಳಿದವನು.

"ನೀವಾ ಮಿಸ್!" ಅವನ ತುಟಿ ನೀಲಿಗಟ್ಟಿತ್ತು. "ದೇವರಿಗೆ ಬೇರೆ ಯಾರೂ ಸಿಗಲಿಲ್ವಾ?"

"ಇಷ್ಟು ಮಾತಾಡ್ತೀಯ ಅಂದ್ರೆ ಬದುಕ್ತೀಯ. ಕಾಲು ಆಡುತ್ತಾ?"

"ಒಂದು ಆಡುತ್ತೆ. ಇನ್ನೊಂದು ಎಲ್ಲಿದೆ ಅಂತಾನೇ ಗೊತ್ತಾಗ್ತಿಲ್ಲ."

ಅವಳು ಬೆನ್ನಚೀಲದ ಸಣ್ಣ ಸಲಿಕೆ ಬಿಚ್ಚಿ ಅಗೆದಳು. ಅಗೆದಷ್ಟೂ ಹಿಮ ಮತ್ತೆ ಜಾರಿ ಬರುತ್ತಿತ್ತು. ಎದೆ ಬಿಡಿಸುವ ಹೊತ್ತಿಗೆ ಅವನ ಮಾತು ತೊದಲತೊಡಗಿತ್ತು. ಅದಕ್ಕೇ ಅವಳು ಮಾತು ನಿಲ್ಲಿಸಲಿಲ್ಲ. "ಮೂರನೇ ಕ್ಲಾಸಲ್ಲೂ ಸಾಲಿನ ಕೊನೆಗೇ ನಿಲ್ತಿದ್ದೆ ನೀನು. ಹಿಂತಿರುಗಿ ನೋಡಿದ್ರೆ ಇರ್ತಿರಲಿಲ್ಲ." ಫ್ಲಾಸ್ಕಿನ ಚಹಾ ಕುಡಿಸಿದಳು. ಅವನ ಕೈಗವಸು ಕಿತ್ತು ಆ ಮರಗಟ್ಟಿದ ಕೈಯನ್ನು ತನ್ನ ಕೋಟಿನೊಳಗೆ ಇಟ್ಟುಕೊಂಡಳು.

"ಇದೇನು ಮಿಸ್, ಏನೋ ಕಾಗದ?"

"ನಿಮ್ಮ ಮೇಲಿನ ದೂರು. ಬೆಚ್ಚಗಿದೆಯಾ?"

"ಹ್ಞೂಂ."

ಬಂಡಿಗಳ ಸದ್ದು ಕೇಳಿಸಿದಾಗ ಗಂಟೆ ಮೂರೂಮುಕ್ಕಾಲು. ಮೊದಲ ಬಂಡಿಯ ಮುಂದಾಳು ವರ್ನ್‌ನ ಹಿಂದೆ, ಅವನ ಸೊಂಟ ತಬ್ಬಿಕೊಂಡು, ಹೆಗಲ ಮೇಲೆ ಸ್ಕೀ ಹೊತ್ತು ಕಣ್ಣು ಮುಚ್ಚಿ ಕೂತಿದ್ದ ಲೋವೆಲ್. ಎಲ್ಲರೂ ಸೇರಿ ಬಂಡಿ ಎತ್ತಿ ಡೆಲ್ಬರ್ಟನನ್ನು ಹೊರಗೆಳೆದರು, ಮುರಿದ ಕಾಲಿಗೆ ಸ್ಕೀ ಕೋಲು ಕಟ್ಟಿದರು. ವರ್ನ್ ಅವನನ್ನು ತನ್ನ ಹಿಂದೆ ಕೂರಿಸಿಕೊಂಡ. "ನಾನು ತಿರುಗಿ ನೋಡಬೇಕಿತ್ತು," ಎಂದು ಎರಡು ಸಲ ಹೇಳಿದ. ಹಲ್ಡಾಳ ಕಡೆ ನೋಡದೆ, "ಹತ್ತಿ ಮಿಸ್, ಜಾಗ ಇದೆ," ಎಂದ ಮೂರನೆಯ ಬಂಡಿಯವನು.

"ಬೇಡಪ್ಪ, ನನ್ನ ಕಾಲು ನೆಟ್ಟಗಿವೆ."

ಲೋವೆಲನೂ ಸ್ಕೀ ತೊಟ್ಟ. ಬಂಡಿಗಳು ನಡೆಯುವ ವೇಗದಲ್ಲಿ ಇಳಿದವು. ಡೆಲ್ಬರ್ಟನ ಕಾಲಿಗಾಗಿ ಎಂದುಕೊಂಡಳು ಹಲ್ಡಾ. ಸೇತುವೆಯ ಬಳಿ ಎದುರಿನಿಂದ ಒಂದು ಬಂಡಿ ಹತ್ತಿ ಬಂತು. ವರ್ನ್ ಕೈ ಎತ್ತಿದ. ನಾಲ್ಕು ಬೆರಳು.

ಇವನಿಗೆ ಎಣಿಸಲೂ ಬರುವುದಿಲ್ಲವೇ, ಹಿಂದಿರುವುದು ಎರಡೇ ಬಂಡಿ ಎಂದು ಅವಳು ಸಿಡುಕಿದಳು. ಎರಡನೆಯವನು ಮೂರು ಬೆರಳು ತೋರಿಸಿದ. ಮೂರನೆಯವನು ಎರಡು. ಲೋವೆಲ್ ತಬ್ಬಿಬ್ಬಾಗಿ ಹಿಂದೆ ತಿರುಗಿ ಅವಳನ್ನೊಮ್ಮೆ ನೋಡಿ, ನಾಚುತ್ತ ಒಂದು ಬೆರಳೆತ್ತಿದ.

ಎದುರಿನವನು ಬಂಡಿಯನ್ನು ಅಂಚಿಗೆ ಸರಿಸಿ, ಸದ್ದು ತಗ್ಗಿಸಿ, ಅವಳನ್ನೇ ನೋಡುತ್ತ ನಿಂತಿದ್ದ. ಹಲ್ಡಾ ಸ್ಕೀ ಕೋಲಿನ ಪಟ್ಟಿಯಿಂದ ಬಲಗೈ ಬಿಡಿಸಿಕೊಂಡು ಮುಷ್ಟಿ ಎತ್ತಿದಳು. ಒಳಜೇಬಿನಲ್ಲಿ ಕಾಗದ ಮುದುಡಿ ಸಣ್ಣದಾಗಿ ಸದ್ದು ಮಾಡಿತು.